ಎದೆ ಭಾರವಾದಾಗ ದೇವರ ಮುಂದೆ ಕೂರುವುದು ಹೇಗೆ

ಭಾನುವಾರದ ಆರಾಧನೆ ಮುಗಿದ ಮೇಲೆ ಪ್ರಾರ್ಥನೆ ಮಾಡಿಸಿಕೊಳ್ಳಲು ಮುಂದೆ ಬಂದವರನ್ನು ‘ಏನಂತ ಪ್ರಾರ್ಥನೆ ಮಾಡಲಿ?’ ಎಂದು ಕೇಳಿದರೆ ಎಷ್ಟೋ ಜನ ಹೇಳುವುದು ಒಂದೇ ಮಾತು: ‘ದೇವರಿಗೆ ಎಲ್ಲಾ ಗೊತ್ತಲ್ಲ, ಬಿಡಿ.’ ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ, ಕಣ್ಣು ನೆಲ ನೋಡುತ್ತಿರುತ್ತದೆ. ಕೇಳುವವರಿಗೆ ಅದು ನಂಬಿಕೆಯ ಮಾತಿನಂತೆ ಕಂಡರೂ ಹೆಚ್ಚಿನ ಸಲ ಅದು ಬರೀ ದಣಿವು. ಬಾಯಿ ಬಿಟ್ಟರೆ ಎಲ್ಲಿ ಕಟ್ಟೆಯೊಡೆದುಬಿಡುತ್ತದೋ ಎಂಬ ಹೆದರಿಕೆಯೂ ಇರುತ್ತದೆ.

ದೇವರಿಗೆ ಗೊತ್ತು, ನಿಜ. ಆದರೆ ಯೆರಿಕೋವಿನ ದಾರಿ ಬದಿಯಲ್ಲಿ ಕೂತಿದ್ದ ಕುರುಡ ಬಾರ್ತಿಮಾಯ ಕೂಗಿಕೊಂಡಾಗ ಯೇಸುಸ್ವಾಮಿ ಅವನನ್ನು ಹತ್ತಿರ ಕರೆಸಿ, ನಾನು ನಿನಗೆ ಏನು ಮಾಡಬೇಕು ಎಂದು ಕೇಳಿದರು. ಅವನಿಗೆ ಕಣ್ಣಿಲ್ಲ ಎಂಬುದು ಸುತ್ತ ನಿಂತ ಜನರಿಗೆಲ್ಲ ಕಾಣುತ್ತಿತ್ತು. ಆದರೂ ಅವನ ಬಾಯಿಂದಲೇ ಅದು ಬರಲಿ ಎಂದು ಯೇಸುಸ್ವಾಮಿ ಕಾದರು. ನೋವನ್ನು ದೇವರ ಬಳಿ ತರುವ ದಾರಿ ಶುರುವಾಗುವುದು ಇಲ್ಲಿಂದಲೇ. ಆತನಿಗೆ ಗೊತ್ತಿರುವುದನ್ನೇ ನಾವು ನಮ್ಮ ಬಾಯಿಂದ ಹೇಳಬೇಕು. ಅದನ್ನು ಒಪ್ಪ ಓರಣ ಮಾಡಿ ಹೇಳಬೇಕಿಲ್ಲ.

ಮನೆಯಲ್ಲಿ ಸಾವಾದವರು, ಕೀಮೋ ಹತ್ತಿಸಿಕೊಳ್ಳುತ್ತಿರುವವರು, ಸಂಸಾರ ಮುರಿದವರು, ಕೆಲಸ ಹೋದ ವಿಷಯವನ್ನು ಮನೆಯಲ್ಲಿ ಇನ್ನೂ ಹೇಳದೆ ದಿನಾ ಬೆಳಗ್ಗೆ ಬ್ಯಾಗು ಹಿಡಿದು ಹೊರಡುವವರು, ಇಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಬೆಳೆದದ್ದು ಕನ್ನಡ ಕ್ರೈಸ್ತ ಸಭೆಯಲ್ಲಿ, ಹಾಗಾಗಿ ನನ್ನ ಉದಾಹರಣೆಗಳು ಹೆಚ್ಚಾಗಿ ಸತ್ಯವೇದದವು, ಅಂದರೆ ಬೈಬಲ್ಲಿನವು.

ಅಳಲು ಒಂದು ಜಾಗ

ಕದ ಮುಚ್ಚಿಕೊಂಡು ಒಳಕೋಣೆಯಲ್ಲಿ ಪ್ರಾರ್ಥನೆ ಮಾಡಿ ಎಂದು ಮತ್ತಾಯನ ಸುವಾರ್ತೆಯಲ್ಲಿದೆ. ಬೆಂಗಳೂರಿನಲ್ಲಿ ಆ ಒಳಕೋಣೆ ಯಾರಿಗಿದೆ? ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಐದು ಜನ, ಪಿಜಿಯ ಒಂದು ರೂಮಿನಲ್ಲಿ ಮೂರು ಮಂಚ, ಪಕ್ಕದ ಮನೆಯ ಕುಕ್ಕರ್ ಸೀಟಿ ನಮ್ಮ ಹಾಲಿನಲ್ಲೇ ಕೂಗಿದಂತೆ ಕೇಳಿಸುವ ಗೋಡೆ. ಹಾಗಾಗಿ ಮೊದಲ ಕೆಲಸ ಜಾಗ ಹುಡುಕುವುದು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಯಾರಾದರೂ ನೋಡಿಯಾರು ಎಂಬ ಭಯವಿದ್ದರೆ ಮನಸ್ಸು ಬಿಚ್ಚುವುದಿಲ್ಲ.

ಬಟ್ಟೆ ಒಣಹಾಕುವ ಟೆರೇಸು ಸಂಜೆ ಏಳರ ಮೇಲೆ ಖಾಲಿ ಇರುತ್ತದೆ. ನಿಲ್ಲಿಸಿದ ಕಾರು ಇದ್ದರೆ ಅದೂ ಆಗುತ್ತದೆ. ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಜನ ಕರಗಿದ ಮೇಲೆ ಬಿದಿರು ಮೆಳೆಗಳ ಕಡೆ ಒಂದು ಬೆಂಚು ಸಿಕ್ಕೇ ಸಿಗುತ್ತದೆ. ಚರ್ಚುಗಳ ವಿಷಯಕ್ಕೆ ಬಂದರೆ, ಭಾನುವಾರ ಬಿಟ್ಟು ಉಳಿದ ದಿನ ಹೋಗಿ ಎಂಬುದು ನನ್ನ ಸಲಹೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಯಾವ ಹೊತ್ತಿನಲ್ಲಿ ಹೋದರೂ ಮೊಣಕಾಲೂರಿ ಕೂತ ಯಾರಾದರೊಬ್ಬರು ಇರುತ್ತಾರೆ. ಹಿಂದೂಗಳು, ಮುಸ್ಲಿಮರು ಎಲ್ಲ ಜಾತಿಯ ಜನ ಬರುತ್ತಾರೆ. ಅಲ್ಲಿ ಅಳುವವರನ್ನು ಯಾರೂ ತಿರುಗಿ ನೋಡುವುದಿಲ್ಲ, ನೋಡಿದರೂ ಯಾಕೆಂದು ಕೇಳುವುದಿಲ್ಲ. ಸೆಪ್ಟೆಂಬರ್ 8ರ ಹಬ್ಬದ ಆಸುಪಾಸು ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗುವುದಾದರೆ ಗುರುವಾರ ಬಿಟ್ಟು ಬೇರೆ ದಿನ ಹೋಗಿ, ಗುರುವಾರ ಅಲ್ಲಿ ಜಾತ್ರೆಯಷ್ಟು ಜನ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿನಂಥ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ವಾರದ ನಡುವೆ ಬಾಗಿಲು ತೆರೆದಿರುವ ಹೊತ್ತನ್ನು ಅಲ್ಲಿನ ಪಾದ್ರಿ ಅಯ್ಯನವರ ಬಳಿ ಮೊದಲೇ ಕೇಳಿಕೊಳ್ಳಿ.

ಅರ್ಧ ಗಂಟೆ ಸಾಕು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಒಂದು ನೋಟ್‌ಬುಕ್, ಒಂದು ಕರವಸ್ತ್ರ ಇಟ್ಟುಕೊಳ್ಳಿ.

ಮನೆ ಮಾತಿನಲ್ಲೇ ಶುರು ಮಾಡಿ

ನಮ್ಮ ಸಭೆಗಳಲ್ಲಿ ಪ್ರಾರ್ಥನೆಗೆ ಒಂದು ಧಾಟಿ ಇದೆ. ‘ಕೃಪಾಳುವಾದ ಪರಲೋಕದ ತಂದೆಯೇ, ಈ ಒಳ್ಳೆಯ ಸಮಯಕ್ಕಾಗಿ ನಿನಗೆ ಸ್ತೋತ್ರ’ ಎಂದು ಶುರುವಾದರೆ ನಾಲಿಗೆ ತಾನಾಗಿಯೇ ಕೊನೆಯ ಆಮೆನ್‌ವರೆಗೆ ಹೋಗಿ ನಿಲ್ಲುತ್ತದೆ. ಸಭೆಯ ಮುಂದೆ ಅದು ಚೆಂದ. ಹೊಟ್ಟೆಯಲ್ಲಿ ಬೆಂಕಿ ಇದ್ದಾಗ ಮಾತ್ರ ಆ ಧಾಟಿ ನಮ್ಮನ್ನು ಬಚ್ಚಿಟ್ಟುಬಿಡುತ್ತದೆ. ಮಾತು ಮುಗಿದಿರುತ್ತದೆ, ನಾವು ಇನ್ನೂ ಬಂದೇ ಇರುವುದಿಲ್ಲ.

ಆ ದಿನ ಈ ಸಮಯ ಒಳ್ಳೆಯದಲ್ಲ ಎಂದೇ ಹೇಳಿ. ಅಮ್ಮನ ಹತ್ತಿರ, ಅಕ್ಕನ ಹತ್ತಿರ ಯಾವ ಮಾತಿನಲ್ಲಿ ಅಳುತ್ತೀರೋ ಅದೇ ಮಾತಿನಲ್ಲಿ ಹೇಳಿ. ಕೋಲಾರದ ಕಡೆಯವರು ಕೋಲಾರದ ಮಾತಿನಲ್ಲಿ, ಬೀದರಿನಿಂದ ಬಂದವರು ಬೀದರಿನ ಮಾತಿನಲ್ಲಿ. ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಮಾತಾಡಿ, ಭಾನುವಾರವೂ ಇಂಗ್ಲಿಷ್ ಆರಾಧನೆಗೇ ಹೋಗುವ ಹುಡುಗ ಹುಡುಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮಾಮೂಲಿ ಪ್ರಾರ್ಥನೆಗೆ ಯಾವ ಭಾಷೆಯಾದರೂ ನಡೆಯುತ್ತದೆ. ಎದೆ ಒಡೆದ ದಿನ ಚಿಕ್ಕಂದಿನ ಕನ್ನಡಕ್ಕೆ ಬನ್ನಿ.

ಸಂಬೋಧನೆ ಉದ್ದವಿರಬೇಕಿಲ್ಲ. ‘ಅಪ್ಪಾ’ ಎಂದರೂ ಸಾಕು. ಅಪ್ಪನಿಂದಲೇ ನೋವು ತಿಂದವರಿಗೆ ಆ ಪದ ಬಾಯಿಗೆ ಬರುವುದಿಲ್ಲ, ಅದು ನನಗೆ ಗೊತ್ತು. ಅವರು ‘ಕರ್ತನೇ’ ಎನ್ನಲಿ, ‘ಯೇಸುವೇ’ ಎನ್ನಲಿ. ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ ಹಾಡು ಕಟ್ಟಿದ ಕೀರ್ತನೆಗಾರರು ದೇವರನ್ನು ಬಂಡೆ ಎಂದಿದ್ದಾರೆ, ಕೋಟೆ ಎಂದಿದ್ದಾರೆ, ಕುರುಬ ಎಂದಿದ್ದಾರೆ.

ನಡೆದದ್ದನ್ನು ನಡೆದ ಹಾಗೆ

‘ಕರ್ತನೇ, ನನ್ನ ಕಷ್ಟಗಳನ್ನೆಲ್ಲ ನೋಡು’ ಎಂಬ ಮಾತಿನಲ್ಲಿ ತಪ್ಪೇನಿಲ್ಲ, ಆದರೆ ಅದರಲ್ಲಿ ನೀವು ಇಲ್ಲ. ದಿನ, ಹೊತ್ತು, ಜಾಗ, ಯಾರು ಏನಂದರು ಎಂಬುದನ್ನು ಬಿಡದೆ ಹೇಳಿ. ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಹೀಗೆ ಹೇಳಬಹುದು:

‘ತಂದೇ, ಮಂಗಳವಾರ ಸ್ಕ್ಯಾನಿಂಗಿಗೆ ಹೋದೆ. ಡಾಕ್ಟರಮ್ಮ ಸ್ಕ್ರೀನನ್ನ ಆ ಕಡೆ ತಿರುಗಿಸಿಕೊಂಡ್ರು. ಆಗಲೇ ನನಗೆ ಗೊತ್ತಾಯ್ತು. ಆಟೋದಲ್ಲಿ ವಾಪಸ್ ಬರೋವಾಗ ಇವರು ಒಂದು ಮಾತೂ ಆಡಲಿಲ್ಲ. ಬಾಗಿಲಲ್ಲೇ ಅತ್ತೆ ಏನಾಯ್ತು ಅಂದ್ರು, ನಾನು ನೇರ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಬಿಟ್ಟೆ. ಅಮ್ಮ ಹೊಲಿದು ಕಳಿಸಿದ ಕುಲಾವಿ ಬೀರುವಿನಲ್ಲಿದೆ. ಹಳದಿ ಬಣ್ಣದ್ದು. ಅದನ್ನ ಏನು ಮಾಡಲಿ ಹೇಳು.’

ಇದರಲ್ಲಿ ಒಂದೂ ದೊಡ್ಡ ಪದವಿಲ್ಲ. ಸ್ತೋತ್ರವಿಲ್ಲ, ಸತ್ಯವೇದದ ವಾಕ್ಯವಿಲ್ಲ. ಆದರೂ ಇದು ಪೂರ್ತಿ ಪ್ರಾರ್ಥನೆ. ಆ ಕುಲಾವಿಯನ್ನು ದೇವರ ಮುಂದೆ ಇಟ್ಟಾಗಲೇ ಅವಳು ತನ್ನ ದುಃಖವನ್ನೂ ಇಟ್ಟಳು.

ಹೀಗೆ ಹೇಳುವಾಗ ನಡುವೆ ‘ಪರವಾಗಿಲ್ಲ, ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರೆ’ ಎಂಬ ಮಾತು ನುಸುಳುತ್ತದೆ. ಅದಕ್ಕೆ ಜಾಗ ಕೊಡಬೇಡಿ. ಬೇರೆಯವರ ಕಷ್ಟಕ್ಕೆ ಬೇರೆ ದಿನ ಪ್ರಾರ್ಥಿಸಿ.

ದೂರು ಕೊಡುವುದು

ಇಲ್ಲಿ ಬಹಳ ಜನ ನಿಂತುಬಿಡುತ್ತಾರೆ. ದೇವರನ್ನು ಪ್ರಶ್ನೆ ಮಾಡಬಹುದೇ? ಪಾಪವಲ್ಲವೇ?

ನಮ್ಮ ಬೀದಿಗಳಲ್ಲಿ ಮಗನನ್ನು ಕಳೆದುಕೊಂಡ ಅಜ್ಜಿ ಹೊಸಿಲ ಮೇಲೆ ಕೂತು ‘ಏನಪ್ಪಾ ದೇವ್ರೇ, ನಿಂಗೆ ಕಣ್ಣು ಕಾಣಲ್ವಾ, ಕಿವಿ ಕೇಳಲ್ವಾ’ ಎಂದು ಎದೆ ಬಡಿದುಕೊಳ್ಳುವುದನ್ನು ಕೇಳಿಯೇ ಬೆಳೆದವರು ನಾವು. ದಾಸರ ಪರಂಪರೆಯಲ್ಲಿ ದೇವರನ್ನು ಬೈದು ಹಾಡುವುದಕ್ಕೆ ನಿಂದಾಸ್ತುತಿ ಎಂಬ ಹೆಸರೇ ಇದೆ. ಸತ್ಯವೇದದ ಕೀರ್ತನೆಗಾರರೂ ಬಾಯಿಬಿಟ್ಟೇ ಕೇಳಿದವರು. 44ನೇ ಕೀರ್ತನೆ ದೇವರಿಗೆ, ಏಳು, ಯಾಕೆ ಮಲಗಿದ್ದೀ ಎನ್ನುತ್ತದೆ. 10ನೆಯದು ಯಾಕೆ ದೂರ ನಿಂತಿದ್ದೀ ಎಂದೇ ಶುರುವಾಗುತ್ತದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ಅಳಲಿನವು. ನಾವು ಭಾನುವಾರ ಹಾಡುವ ಹಾಡುಗಳಲ್ಲಿ ಆ ಪಾಲು ಎಷ್ಟಿದೆ ಎಂದು ಒಮ್ಮೆ ಎಣಿಸಿ ನೋಡಿ, ಬೇಸರವಾಗುತ್ತದೆ.

ಮರುಭೂಮಿಯಲ್ಲಿ ಇಸ್ರಾಯೇಲರು ಡೇರೆಗಳ ಒಳಗೆ ಕೂತು ದೇವರ ಬಗ್ಗೆ ಗೊಣಗಿದರು. ಕೀರ್ತನೆಗಾರ ಅದೇ ಕಹಿಯನ್ನು ದೇವರ ಎದುರಿಗೇ ಹೇಳಿದ. ಬೆನ್ನ ಹಿಂದೆ ಗೊಣಗುವುದಕ್ಕೂ ಮುಖ ನೋಡಿ ಕೇಳುವುದಕ್ಕೂ ವ್ಯತ್ಯಾಸವಿದೆ. ಕೇಳುವವನು ಇನ್ನೂ ಆ ಬಾಗಿಲನ್ನು ಬಿಟ್ಟು ಹೋಗಿಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬನ ಕಥೆಯ ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನ ಪರವಾಗಿ ವಕಾಲತ್ತು ಮಾಡಿದ ಯೋಬನ ಸ್ನೇಹಿತರ ಮೇಲೆ. ಅಷ್ಟೊಂದು ಪ್ರಶ್ನೆ ಕೇಳಿದ ಯೋಬನೇ ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಎಂದು ದೇವರೇ ಹೇಳುತ್ತಾನೆ.

ಮಾಡುವ ಕ್ರಮ ಹೀಗೆ. 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಅದನ್ನು ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ನೋಟ್‌ಬುಕ್ಕಿನಲ್ಲಿ ‘ಇನ್ನೂ ಎಷ್ಟು ದಿನ’ ಎಂದು ಶುರುವಾಗುವ ನಾಲ್ಕು ಸಾಲು ನಿಮ್ಮದೇ ಬರೆಯಿರಿ. ಇನ್ನೂ ಎಷ್ಟು ದಿನ ನಾನು ಒಬ್ಬಳೇ ಆಸ್ಪತ್ರೆ ಕ್ಯೂನಲ್ಲಿ ನಿಲ್ಲಲಿ. ಇನ್ನೂ ಎಷ್ಟು ದಿನ ಅವನು ಕುಡಿದು ಬರುವ ಹೊತ್ತಿಗೆ ಮಕ್ಕಳನ್ನು ಮಲಗಿಸಿಬಿಡಲಿ. ಬರೆದದ್ದನ್ನು ತಿದ್ದಬೇಡಿ, ದೇವರಿಗೆ ಓದಿ ಹೇಳಿ. 3 ಮತ್ತು 4ನೇ ವಚನದಲ್ಲಿ ಕೀರ್ತನೆಗಾರ ಬೇಡಿಕೊಳ್ಳುತ್ತಾನೆ, 5 ಮತ್ತು 6ರಲ್ಲಿ ನಂಬಿಕೆಯ ಮಾತಾಡುತ್ತಾನೆ. ನಿಮಗೆ ಆ ದಿನ ಎರಡನೇ ವಚನದಿಂದ ಮುಂದೆ ಹೋಗಲು ಆಗದಿದ್ದರೆ ಅಲ್ಲೇ ನಿಲ್ಲಿ. ನಾಳೆ ಮೂರಕ್ಕೆ ಬನ್ನಿ.

ತಲೆಯೇ ಓಡದ ದಿನಗಳಿಗೆ ಇನ್ನೊಂದು ಉಪಾಯವಿದೆ. ಯೆರೂಸಲೇಮು ಪಟ್ಟಣ ಹಾಳಾದಾಗ ಹುಟ್ಟಿದ ಪ್ರಲಾಪಗಳ ಪುಸ್ತಕದಲ್ಲಿ ಐದು ಅಧ್ಯಾಯ. ಮೊದಲ ನಾಲ್ಕನ್ನು ಹೀಬ್ರೂ ಭಾಷೆಯ 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದ್ದಾರೆ. ಊರೇ ಸುಟ್ಟು ಹೋದವನಿಗೆ ಹಿಡಿದುಕೊಳ್ಳಲು ಅಕ್ಷರಮಾಲೆಯಾದರೂ ಬೇಕಿತ್ತು ಅನಿಸುತ್ತದೆ ನನಗೆ. ನಮಗೂ ಅಕ್ಷರಮಾಲೆ ಇದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು:

ಅಪ್ಪ ಇಲ್ಲದ ಮನೆ.
ಆಸ್ಪತ್ರೆ ಬಿಲ್ಲು ಇನ್ನೂ ಪರ್ಸಿನಲ್ಲೇ ಇದೆ.
ಇವತ್ತೂ ಅವರ ಚಪ್ಪಲಿ ಬಾಗಿಲ ಹತ್ತಿರವೇ ಇತ್ತು.
ಈ ಊರಲ್ಲಿ ಯಾರ ಹತ್ತಿರ ಹೇಳಲಿ.

ಎಲ್ಲ ಸ್ವರ ಮುಗಿಸಬೇಕೆಂದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಸಂಕಟದಿಂದಲೇ ಹೇಳುತ್ತೇನೆ. ಶುಭ ಶುಕ್ರವಾರ ಮಧ್ಯಾಹ್ನ ನಮ್ಮ ಅನೇಕ ಚರ್ಚುಗಳಲ್ಲಿ ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಮೇಲೆ ಧ್ಯಾನ ನಡೆಯುತ್ತದೆ. ನಾಲ್ಕನೇ ಮಾತು ‘ಏಲೀ, ಏಲೀ, ಲಮಾ ಸಬಕ್ತಾನೀ.’ ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂಬ ಆ ಕೂಗಿಗೆ ಬಂದಾಗ ಮಾತಾಡುವವರು ಬೇಗ ಬೇಗ ವಿವರಣೆ ಕೊಟ್ಟು ಐದನೆಯದಕ್ಕೆ ದಾಟಿಬಿಡುತ್ತಾರೆ. ಅದು 22ನೇ ಕೀರ್ತನೆಯ ಮೊದಲ ಸಾಲು. ಸಾಯುವ ಹೊತ್ತಿನಲ್ಲಿ ಯೇಸುಸ್ವಾಮಿ ಬಾಯಲ್ಲಿ ಬಂದದ್ದು ಒಂದು ಅಳಲಿನ ಕೀರ್ತನೆ. ಆ ಪ್ರಶ್ನೆ ಅವರ ಬಾಯಲ್ಲಿ ಪಾಪವಾಗದಿದ್ದರೆ ನಮ್ಮ ಬಾಯಲ್ಲೂ ಆಗುವುದಿಲ್ಲ.

ಸಿಟ್ಟು ಮನುಷ್ಯರ ಮೇಲಿದ್ದರೆ

ನಂಬಿದವರೇ ಮೋಸ ಮಾಡಿದ್ದರೆ 55ನೇ ಕೀರ್ತನೆ ಓದಿ. ಶತ್ರು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ನೀನು, ನನ್ನ ಜೊತೆಗಾರ, ಒಟ್ಟಿಗೆ ದೇವಾಲಯಕ್ಕೆ ಹೋಗುತ್ತಿದ್ದವನು ಎಂದು ಅಲ್ಲಿ ಒಬ್ಬ ಗೋಳಾಡುತ್ತಾನೆ. 109ನೆಯದು ಇನ್ನೂ ಉಗ್ರ, ಶಾಪಗಳಿಂದ ತುಂಬಿದೆ. ಅದನ್ನು ಸಭೆಯಲ್ಲಿ ಓದಲು ಜನ ಹಿಂಜರಿಯುತ್ತಾರೆ, ನನಗೂ ಕಷ್ಟವೇ. ಆದರೂ ಅದು ಸತ್ಯವೇದದಲ್ಲಿ ಇರುವುದು ನನಗೆ ಸಮಾಧಾನ. ಸೇಡಿನ ಆಸೆಯನ್ನು ಆ ಕೀರ್ತನೆಗಾರ ಕೈಯಿಂದ ತೀರಿಸಿಕೊಳ್ಳಲು ಹೋಗಲಿಲ್ಲ, ದೇವರ ಮುಂದೆ ಸುರಿದ.

‘ಕ್ಷಮಿಸಿಬಿಡಮ್ಮ’ ಎಂದು ಮೊದಲ ದಿನವೇ ಹೇಳುವವರ ಮಾತನ್ನು ಸ್ವಲ್ಪ ದೂರ ಇಡಿ. ಕ್ಷಮೆ ಬೇಕು, ಆದರೆ ಏನನ್ನು ಕ್ಷಮಿಸುತ್ತಿದ್ದೇವೆ ಎಂಬುದನ್ನು ಪೂರ್ತಿ ಹೇಳುವ ಮೊದಲೇ ಕ್ಷಮಿಸಲು ಹೊರಟರೆ ಗಾಯದ ಮೇಲೆ ಬಟ್ಟೆ ಮುಚ್ಚಿದಂತಾಗುತ್ತದೆ, ಒಳಗೆ ಕೀವು ಹಾಗೇ ಇರುತ್ತದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರಂತೂ ಪ್ರಾರ್ಥನೆ ಮಾಡಿಕೊಂಡು ಸಹಿಸು ಎನ್ನುವುದು ದೇವರ ಮಾತಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112 ಇದೆ. ಪ್ರಾರ್ಥನೆಯನ್ನು ಅಲ್ಲಿ ಕೂತು ಮಾಡಿ.

ಬೇಕಾದ್ದನ್ನು ಕೇಳುವುದು

‘ನಿನ್ನ ಚಿತ್ತದಂತೆ ಆಗಲಿ’ ಎಂದು ಹೇಳಲು ಅವಸರ ಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಮೊದಲು ಕೇಳಿದ್ದು ಈ ಪಾತ್ರೆ, ಅಂದರೆ ಬರಲಿದ್ದ ಆ ಸಂಕಟ, ನನ್ನನ್ನು ಬಿಟ್ಟು ಹೋಗಲಿ ಎಂದು. ನಿನ್ನ ಚಿತ್ತ ಎಂಬ ಮಾತು ಆಮೇಲಿನದು. ಮೂರು ಸಲ ಹೋಗಿ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆಯುತ್ತಾನೆ. ಹಾಗಾಗಿ ಆಸೆಯನ್ನು ಮೊದಲು ಬಾಯಿಬಿಟ್ಟು ಕೇಳಿ. ಅಮ್ಮ ಬದುಕಲಿ. ಅವನು ಮನೆಗೆ ವಾಪಸ್ ಬರಲಿ. ರಿಪೋರ್ಟಿನಲ್ಲಿ ಗಡ್ಡೆ ಕಾಣದಿರಲಿ. ಚಿಕ್ಕದನ್ನೂ ಕೇಳಿ: ಇವತ್ತು ರಾತ್ರಿ ಮೂರು ಗಂಟೆ ನಿದ್ದೆ ಬರಲಿ, ನಾಳೆ ಮೀಟಿಂಗಿನಲ್ಲಿ ಕಣ್ಣೀರು ಬಾರದಿರಲಿ.

ಕೇಳಿದ್ದು ಸಿಗದೇ ಹೋದರೆ? ಸಿಗದೇ ಹೋಗಬಹುದು. ಗೆತ್ಸೇಮನೆಯಲ್ಲಿಯೂ ಆ ಪಾತ್ರೆ ಬಿಟ್ಟುಹೋಗಲಿಲ್ಲ. ಇಷ್ಟು ಕಾಣಿಕೆ ಹಾಕಿದರೆ, ಇಷ್ಟು ದಿನ ಉಪವಾಸ ಮಾಡಿದರೆ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ದುಃಖದಲ್ಲಿರುವವರ ಪರ್ಸಿಗೆ ಕೈಹಾಕುವವರನ್ನು ಕಂಡರೆ ನನಗೆ ತಡೆಯಲಾಗದ ಕೋಪ ಬರುತ್ತದೆ.

ಮಾತೇ ಬಾರದಾಗ

ಹನ್ನಳ ಕಥೆ ಇಲ್ಲಿ ಬೇಕು. ಎಲ್ಕಾನನಿಗೆ ಇಬ್ಬರು ಹೆಂಡಿರು. ಪೆನಿನ್ನಳಿಗೆ ಮಕ್ಕಳಿದ್ದರು, ಹನ್ನಳಿಗೆ ಇರಲಿಲ್ಲ. ವರ್ಷ ವರ್ಷವೂ ಶೀಲೋವಿನ ಹಬ್ಬಕ್ಕೆ ಹೋದಾಗ ಪೆನಿನ್ನ ಚುಚ್ಚುತ್ತಿದ್ದಳು, ಹನ್ನ ಊಟ ಬಿಟ್ಟು ಅಳುತ್ತಿದ್ದಳು. ಗಂಡ ಒಳ್ಳೆಯವನೇ, ಆದರೆ ಅವನ ಸಮಾಧಾನ ಏನು? ನಾನು ನಿನಗೆ ಹತ್ತು ಮಕ್ಕಳಿಗಿಂತ ಹೆಚ್ಚಲ್ಲವೇ ಎಂದು. ಪ್ರೀತಿಯಿಂದಲೇ ಕೇಳಿದ, ಅದು ಅವಳ ನೋವನ್ನು ಮುಟ್ಟಲಿಲ್ಲ. ಅವಳು ಎದ್ದು ದೇವಾಲಯಕ್ಕೆ ಹೋಗಿ ಅತ್ತಳು. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಯಾಜಕ ಏಲಿ ಅವಳನ್ನು ನೋಡಿ ಕುಡಿದಿದ್ದಾಳೆ ಅಂದುಕೊಂಡು ಗದರಿದ. ಇಲ್ಲ ಸ್ವಾಮೀ, ನಾನು ಮನನೊಂದವಳು, ಎದೆಯಲ್ಲಿದ್ದದ್ದನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೆ ಎಂದು ಅವಳು ತಿರುಗಿ ಹೇಳಿದಳು. ಆಮೇಲೆ ಹೋಗಿ ಊಟ ಮಾಡಿದಳು, ಮುಖ ಮೊದಲಿನಂತೆ ಬಾಡಿರಲಿಲ್ಲ. ಅವಳ ಮಗ ಸಮುವೇಲ ಹುಟ್ಟಿದ್ದು ಇದೆಲ್ಲ ಆದ ಮೇಲೆ. ಮಗುವಿನ ಸುಳಿವೇ ಇಲ್ಲದಾಗ ಅವಳು ತಟ್ಟೆಯ ಮುಂದೆ ಕೂತಳು ಎಂಬುದನ್ನು ನಮ್ಮ ಪ್ರಸಂಗಗಳಲ್ಲಿ ಯಾರೂ ನಿಂತು ಹೇಳುವುದಿಲ್ಲ.

ಹಾಗಾಗಿ ದನಿ ಬಾರದಿದ್ದರೆ ತುಟಿ ಸಾಕು, ತುಟಿಯೂ ಅಲ್ಲಾಡದಿದ್ದರೆ ಉಸಿರು ಸಾಕು. ನಾವು ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ಕಥೋಲಿಕರಾದರೆ ಜಪಸರ ಹಿಡಿದು ಕೂರಿ, ಮಣಿ ಉರುಳಿಸುವ ಕೈ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಯೇಸುಸ್ವಾಮಿಯ ಕೊನೆಯ ನಡಿಗೆಯನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳನ್ನು ಸುಮ್ಮನೆ ನಡೆಯಬಹುದು. ಉಳಿದವರು ಒಂದು ಕೀರ್ತನೆಯನ್ನು ಬೇರೆಯವರಿಂದ ಓದಿಸಿ ಕೇಳಿ. ಕಣ್ಣೀರಂತೂ ವ್ಯರ್ಥವಲ್ಲ. ಅದನ್ನು ದೇವರು ಬುದ್ದಲಿಯಲ್ಲಿ, ಅಂದರೆ ತೊಗಲಿನ ಚೀಲದಲ್ಲಿ, ತುಂಬಿಡುತ್ತಾನೆ ಎಂಬ ಮಾತು 56ನೇ ಕೀರ್ತನೆಯಲ್ಲಿದೆ.

ಮುಗಿಸುವುದು

ಪ್ರತಿ ಪ್ರಾರ್ಥನೆಯೂ ಹಾಲೆಲೂಯದಲ್ಲಿ ಮುಗಿಯಬೇಕೆಂಬ ಕಟ್ಟಳೆ ಇಲ್ಲ. 88ನೇ ಕೀರ್ತನೆ ಕತ್ತಲಲ್ಲೇ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಸ್ನೇಹಿತರು ದೂರವಾದರು, ಕತ್ತಲೆಯೇ ನನ್ನ ಪರಿಚಯದ ಜೊತೆಗಾರ ಎಂಬರ್ಥದ ಮಾತಿಗೆ ಕೀರ್ತನೆ ಮುಗಿದುಹೋಗುತ್ತದೆ. ಸಂಕಲನ ಮಾಡಿದವರು ಅದಕ್ಕೆ ಸ್ತುತಿಯ ಬಾಲ ಸೇರಿಸಲಿಲ್ಲ. ನಿಮ್ಮ ಪ್ರಾರ್ಥನೆಯೂ ಹಾಗೇ ನಿಂತರೆ ನಿಲ್ಲಲಿ. ‘ಇವತ್ತಿಗೆ ಇಷ್ಟೇ ಆಗೋದು ತಂದೇ, ನಾಳೆ ಬರ್ತೀನಿ’ ಎಂದು ಹೇಳಿ ಏಳಿ. ಕೃತಜ್ಞತೆ ತಾನಾಗಿ ಬಂದರೆ ತಡೆಯಬೇಡಿ, ಬರದಿದ್ದರೆ ಎಳೆದು ತರಬೇಡಿ.

ಎದ್ದ ಮೇಲೆ ಏನಾದರೂ ತಿನ್ನಿ. ಎಲೀಯ ಪ್ರವಾದಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಎಂದಾಗ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ತಿನ್ನು ಎಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಇನ್ನೊಂದು ಸಲ ಎಬ್ಬಿಸಿ ತಿನ್ನಿಸಿದ. ನಿದ್ದೆ, ಊಟ ಇವೇ ಉತ್ತರದ ಮೊದಲ ಕಂತು ಆಗಿರುವ ದಿನಗಳಿವೆ. ಶಿವಾಜಿನಗರದ ಬೆಸಿಲಿಕಾದಿಂದ ಹೊರಗೆ ಬಂದವರು ಒಂದು ಟೀ, ಒಂದು ಬನ್ನು ತಿಂದೇ ಬಸ್ಸು ಹತ್ತಿ.

ಯಾರ ಹತ್ತಿರ ಹೇಳುವುದು

ಒಬ್ಬರಾದರೂ ಬೇಕು. ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಶಿಷ್ಯರಲ್ಲಿ ಮೂವರನ್ನು ತಮ್ಮ ಜೊತೆ ಮುಂದಕ್ಕೆ ಕರೆದುಕೊಂಡು ಹೋದರು. ಅವರು ನಿದ್ದೆ ಮಾಡಿಬಿಟ್ಟರು, ಅದು ಬೇರೆ ಮಾತು. ಜೊತೆಗಿರಿ ಎಂದು ಕೇಳಲು ಯೇಸುಸ್ವಾಮಿ ಸಂಕೋಚಪಡಲಿಲ್ಲ.

ಆದರೆ ಆರಿಸಿಕೊಳ್ಳುವಾಗ ಎಚ್ಚರ. ಸಭೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಪ್ರೇಯರ್ ರಿಕ್ವೆಸ್ಟ್ ಹಾಕುವ ಮುನ್ನ ಅದು ಸಂಜೆಯೊಳಗೆ ಎಷ್ಟು ಗ್ರೂಪಿಗೆ ಹೋಗುತ್ತದೆ ಎಂದು ಯೋಚಿಸಿ. ‘ಒಂದು ವೈಯಕ್ತಿಕ ವಿಷಯಕ್ಕೆ ಪ್ರಾರ್ಥಿಸಿ’ ಎಂದಷ್ಟೇ ಹಾಕಿದರೂ ದೇವರಿಗೆ ವಿವರ ಗೊತ್ತಾಗುತ್ತದೆ, ಗ್ರೂಪಿಗೆ ಗೊತ್ತಾಗಬೇಕಿಲ್ಲ. ಪೂರ್ತಿ ವಿಷಯವನ್ನು ಒಬ್ಬರ ಹತ್ತಿರ, ಎದುರು ಕೂತು ಹೇಳಿ. ಕೇಳಿಸಿಕೊಂಡು ಸುಮ್ಮನೆ ಕೂರಬಲ್ಲವರು ಆ ಒಬ್ಬರಾಗಲಿ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು, ಅಷ್ಟೂ ದಿನ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದು ‘ಇದು ನಿನ್ನ ಪಾಪದ ಫಲ’ ಎಂದಾಗಿನಿಂದ ಕೆಟ್ಟರು. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದ್ದು ಇವನೋ ಇವನ ಅಪ್ಪ ಅಮ್ಮನೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಎರಡೂ ಅಲ್ಲ ಎಂದರು. ಕ್ಯಾನ್ಸರ್ ವಾರ್ಡಿಗೆ ಪ್ರಾರ್ಥನೆಗೆ ಹೋಗುವವರು ಆ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಕೆಂದು ನನ್ನ ಕಳಕಳಿಯ ವಿನಂತಿ.

ನಿಮ್ಮದೇ ತಪ್ಪಿನಿಂದ ಬಂದ ನೋವಾದರೆ 51ನೇ ಕೀರ್ತನೆ ಇದೆ, ಪಾಪನಿವೇದನೆ ಇದೆ. ಆದರೆ ಬೇರೆಯವರು ಮಾಡಿದ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಂಡು ಕ್ಷಮೆ ಕೇಳುತ್ತಾ ಕೂರಬೇಡಿ.

ಡಾಕ್ಟರ ಬಳಿ ಹೋಗಬೇಕಾದಾಗ

ಎರಡು ವಾರಕ್ಕೂ ಮೇಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಕೆಲಸಕ್ಕೆ ಏಳಲು ಆಗುತ್ತಿಲ್ಲ ಎಂದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ಕಾಣಿ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ, ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಬದುಕೇ ಬೇಡ ಎಂಬ ಯೋಚನೆ ಬಂದರೆ ಕಾಯಬೇಡಿ, ಆ ಗಳಿಗೆಯಲ್ಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. 2022ರ ಅಕ್ಟೋಬರಿನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿರುವವರಿಗೂ ಹೇಳಿ, ಒಬ್ಬರೇ ಇರಬೇಡಿ.

ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎನ್ನುವವರಿಗೆ ಹೇಳಿ, ಸುವಾರ್ತೆ ಬರೆದ ಲೂಕನನ್ನು ಅಪೊಸ್ತಲನಾದ ಪೌಲ ಕರೆಯುವುದೇ ಪ್ರಿಯ ವೈದ್ಯ ಎಂದು.

ಮತ್ತೆ ಬರುವ ದಿನಗಳು

ಒಂದು ಸಲ ಅತ್ತು ಹೇಳಿಕೊಂಡರೆ ಮುಗಿಯುವುದಿಲ್ಲ. ಹದಿನೈದು ದಿನ ಚೆನ್ನಾಗಿದ್ದು, ಹದಿನಾರನೇ ದಿನ ಮೆಟ್ರೋದಲ್ಲಿ ಯಾರದೋ ರಿಂಗ್‌ಟೋನು ಕೇಳಿ ಮತ್ತೆ ಕುಸಿಯಬಹುದು. ಆಗ ಹಿಂದೆ ಬರೆದಿಟ್ಟ ಆ ನಾಲ್ಕು ಸಾಲನ್ನೇ ಮತ್ತೆ ಓದಿ. ಹೊಸ ಮಾತು ಹುಡುಕಬೇಕಿಲ್ಲ.

ಮುಂದೆ ಬರುವ ಕಷ್ಟದ ದಿನಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ: ತೀರಿಹೋದ ದಿನ, ಹುಟ್ಟಿದ ದಿನ, ಮದುವೆಯಾದ ದಿನ, ಮೊದಲ ಕ್ರಿಸ್‌ಮಸ್. ಸತ್ತವರನ್ನು ನೆನೆಯುವ ದಿನವಾದ ನವೆಂಬರ್ 2ರಂದು ಹೊಸೂರು ರಸ್ತೆಯ ಸ್ಮಶಾನಗಳಲ್ಲಿ, ಕಲ್ಪಳ್ಳಿಯಲ್ಲಿ ಮನೆಮಂದಿ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಅಲ್ಲಿಗೆ ಒಬ್ಬರೇ ಹೋಗಬೇಡಿ. ಜೊತೆಗೆ ಬರುವವರನ್ನು ಒಂದು ವಾರ ಮುಂಚೆಯೇ ಕೇಳಿ, ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಅಲ್ಲಿ ಓದುವ ಕೀರ್ತನೆಯನ್ನು ಹಿಂದಿನ ರಾತ್ರಿಯೇ ಗುರುತು ಮಾಡಿಟ್ಟುಕೊಳ್ಳಿ. 130ನೆಯದು ಚಿಕ್ಕದು, ಎಂಟೇ ವಚನ. ನಿಮ್ಮ ದನಿ ಕಟ್ಟಿದರೆ ಜೊತೆಗೆ ಬಂದವರು ಮುಂದುವರಿಸಲಿ ಎಂದು ಅವರ ಕೈಗೂ ಒಂದು ಪ್ರತಿ ಕೊಟ್ಟಿರಿ.